ಒಂದೇ ಮೈ, ಎರಡು ಮಂಡಿ, ಎರಡು ಬಿಲ್ಲು

ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿನಲ್ಲಿ ತಪಾಸಣೆ ಮಾಡುವ ಹುಡುಗಿಯ ಕೈಲಿರುವ ಯಂತ್ರ ನನ್ನ ಮಂಡಿ ಹತ್ತಿರ ಬಂದರೆ ಸಾಕು, ಕುಂಯ್ ಅನ್ನುತ್ತದೆ. ಬಲ ಮಂಡಿಗೂ ಅದೇ ಸದ್ದು, ಎಡ ಮಂಡಿಗೂ ಅದೇ ಸದ್ದು. ಎರಡೂ ಮಂಡಿ ಬದಲಿಸುವ ಆಪರೇಷನ್ ಆದವಳು ನಾನು, ಒಳಗಿರುವುದು ಲೋಹ. ಬಲ ಮಂಡಿಗೆ ಆದ ಬಿಲ್ಲು 3 ಲಕ್ಷ 62 ಸಾವಿರ. ಎಡಕ್ಕೆ 1 ಲಕ್ಷ 98 ಸಾವಿರ. ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗುತ್ತದೆ. ಕಡಿಮೆ ದುಡ್ಡಿನ ಮಂಡಿಯೇ ಚೆನ್ನಾಗಿ ಮಡಚುತ್ತದೆ. ಆದರೆ ಅದರಲ್ಲಿ ಆಸ್ಪತ್ರೆಯ ಪಾತ್ರ ಕಮ್ಮಿ.

ನಾನು ರಿಟೈರ್ಡ್ ಮೇಷ್ಟ್ರಮ್ಮ. ಮೂವತ್ತು ವರ್ಷ ಬೋರ್ಡ್ ಮುಂದೆ ನಿಂತವಳು. ಎಣ್ಣೆ, ನೀ ಕ್ಯಾಪ್, ಎರಡು ಸಲ ಮಂಡಿಯೊಳಗೆ ಇಂಜೆಕ್ಷನ್, ಎಲ್ಲಾ ಆಯಿತು. ಇಂಜೆಕ್ಷನ್ ಕೆಲವು ತಿಂಗಳು ಹಿಡಿಯಿತು, ಆಮೇಲೆ ಅದೇ ಕಥೆ. ಎಕ್ಸ್‌ರೇಯಲ್ಲಿ ಮೂಳೆಗೂ ಮೂಳೆಗೂ ನಡುವೆ ಜಾಗವೇ ಕಾಣುತ್ತಿರಲಿಲ್ಲ. ರಾತ್ರಿ ಮಲಗಿದಾಗಲೂ ನೋವು ಬರಲು ಶುರುವಾದ ಮೇಲೆ ಆಪರೇಷನ್ನಿಗೆ ಒಪ್ಪಿಕೊಂಡೆ. ಎರಡೂ ಒಟ್ಟಿಗೆ ಮಾಡಿಸಿಬಿಡು ಎಂದು ನಮ್ಮ ಅತ್ತಿಗೆ ಅಂದರು. ನನಗೆ ಧೈರ್ಯ ಬರಲಿಲ್ಲ. ಬಲ ಮಂಡಿ 2022ರಲ್ಲಿ ಒಂದು ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ. ಎಡ ಮಂಡಿ 2024ರಲ್ಲಿ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ಎರಡರ ಹೆಸರನ್ನೂ ಹೇಳುವುದಿಲ್ಲ.

ಮೊದಲು ದುಡ್ಡಿನ ವಿಷಯ. ಎರಡೂ ಬಿಲ್ಲನ್ನು ಪಕ್ಕಪಕ್ಕ ಇಟ್ಟುಕೊಂಡು ಒಂದು ಮಧ್ಯಾಹ್ನ ಕೆಂಪು ಪೆನ್ನು ಹಿಡಿದು ಕೂತೆ, ಹಳೇ ಅಭ್ಯಾಸ. ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಕೃತಕ ಮಂಡಿಯ ಸಾಲು ಎರಡರಲ್ಲೂ 60 ಸಾವಿರದ ಆಸುಪಾಸು. ಎರಡೂ ಕೋಬಾಲ್ಟ್ ಕ್ರೋಮ್ ಅನ್ನುವ ಲೋಹದ್ದು. ಇದು ಕಾಕತಾಳೀಯ ಅಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿಗೆ ಗರಿಷ್ಠ ಬೆಲೆ ಕಟ್ಟಿತು. ಕೋಬಾಲ್ಟ್ ಕ್ರೋಮಿಗೆ ಆಗ 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೆ ಮೊದಲು ಅದೇ ವಸ್ತು ಒಂದೂವರೆ ಲಕ್ಷ ದಾಟುತ್ತಿತ್ತು. ಹಾಗಾಗಿ "ನಮ್ಮಲ್ಲಿ ಒಳ್ಳೆ ಇಂಪ್ಲಾಂಟ್ ಹಾಕುತ್ತೇವೆ, ಅದಕ್ಕೇ ರೇಟು ಜಾಸ್ತಿ" ಎಂದು ಯಾರಾದರೂ ಹೇಳಿದರೆ ಯಾವ ಲೋಹ, ಅದರ ಸಾಲಿನಲ್ಲಿ ಎಷ್ಟು ಎಂದು ಬರೆಸಿಕೊಂಡು ನೋಡಿ.

ಹಾಗಾದರೆ ಒಂದೂವರೆ ಲಕ್ಷಕ್ಕೂ ಜಾಸ್ತಿ ವ್ಯತ್ಯಾಸ ಎಲ್ಲಿಂದ ಬಂತು? ಕಾರ್ಪೊರೇಟಿನಲ್ಲಿ 60 ಸಾವಿರ ರೋಬೋಗೆ. ಉಳಿದದ್ದು ಸರ್ಜನ್ ಫೀಸು, ಓಟಿ (ಆಪರೇಷನ್ ಥಿಯೇಟರು), ಅರಿವಳಿಕೆ ಡಾಕ್ಟರು, ರೂಮು. ರೋಬೋ ಅಂದರೆ ಅದೇ ಬಂದು ಆಪರೇಷನ್ ಮಾಡುತ್ತದೆ ಅಂದುಕೊಂಡಿದ್ದೆ, ನಗಬೇಡಿ. ಸ್ಕ್ಯಾನ್ ನೋಡಿ ಮೂಳೆ ಎಲ್ಲಿ, ಎಷ್ಟು ಕೊಯ್ಯಬೇಕು ಎಂದು ಮೊದಲೇ ಲೆಕ್ಕ ಹಾಕುತ್ತಾರೆ. ಗರಗಸ ಆ ಗೆರೆ ದಾಟದ ಹಾಗೆ ಯಂತ್ರ ಹಿಡಿಯುತ್ತದೆ. ಕೈ ಸರ್ಜನ್ನರದೇ. ಕೊಯ್ಯುವುದು ಕರಾರುವಾಕ್ಕಾಗಿರುತ್ತದೆ, ನಿಜ. ರೋಬೋ ಇಲ್ಲದ ಎಡಗಾಲೂ ನೆಟ್ಟಗೇ ಇದೆ. ನನ್ನ ಮಟ್ಟಿಗೆ ಆ 60 ಸಾವಿರ ದಂಡ.

ಇನ್ಷೂರೆನ್ಸ್ ಕಥೆ ಇನ್ನೂ ಚೆನ್ನಾಗಿದೆ. ನನ್ನದು 5 ಲಕ್ಷದ ಪಾಲಿಸಿ, ರೂಮ್ ಬಾಡಿಗೆ ದಿನಕ್ಕೆ 5,000 ಮಿತಿ. ಕಾರ್ಪೊರೇಟ್ ಆಸ್ಪತ್ರೆಯ ಅಡ್ಮಿಷನ್ ಡೆಸ್ಕಿನಲ್ಲಿ ಸಿಂಗಲ್ ರೂಮ್ 8,000 ಅಂದರು. ದಿನಕ್ಕೆ 3,000 ತಾನೇ, ನಾಲ್ಕು ದಿನಕ್ಕೆ ಹನ್ನೆರಡು ಸಾವಿರ ಕೈಯಿಂದ ಹೋದರೆ ಹೋಗಲಿ ಎಂದು ನಮ್ಮ ಯಜಮಾನರು ಸಹಿ ಹಾಕಿದರು. ಡಿಸ್ಚಾರ್ಜ್ ದಿನ ಗೊತ್ತಾಯಿತು. ನಮ್ಮಂಥ ಪಾಲಿಸಿಯಲ್ಲಿ ಮಿತಿ ಮೀರಿದ ರೂಮ್ ತಗೊಂಡರೆ ಬಾಡಿಗೆ ಮಾತ್ರ ಅಲ್ಲ, ಸರ್ಜನ್ ಫೀಸು, ಓಟಿ ಎಲ್ಲವನ್ನೂ ಅದೇ ಪ್ರಮಾಣದಲ್ಲಿ ಕಡಿಯುತ್ತಾರೆ. ಎಂಟಕ್ಕೆ ಐದು ಪಾಲು ಅವರದು, ಮೂರು ಪಾಲು ನಮ್ಮದು. ಇಂಪ್ಲಾಂಟ್, ಔಷಧಿ ಮುಟ್ಟಲಿಲ್ಲ, ಪುಣ್ಯ. ಗ್ಲೌಸು, ಅದೂ ಇದೂ ಸೇರಿ ಕೈಯಿಂದ ಹೋದದ್ದು 1 ಲಕ್ಷ 6 ಸಾವಿರ. ಬೆಳಗ್ಗೆ ಹತ್ತಕ್ಕೆ ಡಾಕ್ಟರು ಮನೆಗೆ ಹೋಗಿ ಅಂದರು. ಇನ್ಷೂರೆನ್ಸಿನ ಒಪ್ಪಿಗೆ ಬಂದು ಗೇಟು ದಾಟುವಾಗ ರಾತ್ರಿ ಎಂಟು.

ಟ್ರಸ್ಟ್ ಆಸ್ಪತ್ರೆಯಲ್ಲಿ ಇಬ್ಬರ ರೂಮು, ದಿನಕ್ಕೆ 2,500. ಮಿತಿಯೊಳಗೇ ಇದ್ದದ್ದರಿಂದ ಕಡಿತ ಬರೀ 9 ಸಾವಿರ. ಆದರೆ ನನ್ನ ಪಾಲಿಸಿಗೆ ಅಲ್ಲಿ ಕ್ಯಾಷ್‌ಲೆಸ್ ಇರಲಿಲ್ಲ. ಪೂರ್ತಿ ದುಡ್ಡು ಮೊದಲು ನಾವೇ ಕಟ್ಟಬೇಕು. ಎಫ್‌ಡಿ ಮುರಿಸಿದೆವು. ಒರಿಜಿನಲ್ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಇಂಪ್ಲಾಂಟಿನ ಸ್ಟಿಕ್ಕರ್ ಎಲ್ಲಾ ಕಳಿಸಿ 43 ದಿನ ಕಾದೆವು. ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ. ಕ್ಲೇಮಿಗೆ ಬೇಕು, ಮುಂದೆ ಎಂದಾದರೂ ಮಂಡಿ ಬಿಚ್ಚಬೇಕಾಗಿ ಬಂದರೂ ಬೇಕು.

ಒಳಗಿನ ಅನುಕೂಲದಲ್ಲಿ ಕಾರ್ಪೊರೇಟಿನದೇ ಮೇಲುಗೈ, ಅದನ್ನು ಮುಚ್ಚಿಡುವುದಿಲ್ಲ. ಬೆಲ್ ಒತ್ತಿದರೆ ನರ್ಸ್ ಬರುತ್ತಿದ್ದರು. ಆಪರೇಷನ್ ದಿನ ಸಂಜೆಯೇ ಫಿಸಿಯೋ ಬಂದು ವಾಕರ್ ಹಿಡಿಸಿ ನಿಲ್ಲಿಸಿದರು. ಟ್ರಸ್ಟಿನಲ್ಲಿ ಇಡೀ ಫ್ಲೋರಿಗೆ ಒಬ್ಬಳೇ ಫಿಸಿಯೋ ಹುಡುಗಿ, ನಾನು ನಿಂತದ್ದು ಮಾರನೇ ದಿನ ಹನ್ನೊಂದಕ್ಕೆ. ರಾತ್ರಿ ಬೆಡ್‌ಪ್ಯಾನ್ ಬೇಕಾದರೆ ಸೊಸೆಯೇ ಎದ್ದು ಹುಡುಕಬೇಕು. ಪಕ್ಕದ ಮಂಚದ ಅಜ್ಜಿ ಮಾತ್ರ ದೊಡ್ಡ ಲಾಭ. ಕೋಲಾರದವರು, ನೋವಿನಲ್ಲೂ ನಗಿಸುತ್ತಿದ್ದರು.

ಮನೆಗೆ ಬಂದ ಮೇಲೆ ಎರಡೂ ಆಸ್ಪತ್ರೆ ಒಂದೇ. ಹಂಪ್ ಬಂದಾಗಲೆಲ್ಲ ಕಾರಿನಲ್ಲಿ ಜೀವ ಬಾಯಿಗೆ ಬರುತ್ತದೆ. ನಮ್ಮದು ತ್ಯಾಗರಾಜನಗರದಲ್ಲಿ ಮೊದಲನೇ ಮಹಡಿ, ಲಿಫ್ಟಿಲ್ಲ, ಹದಿನೆಂಟು ಮೆಟ್ಟಿಲು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇದನ್ನು ಆಸ್ಪತ್ರೆಯಲ್ಲೇ ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಸಿಕೊಳ್ಳಿ. ಹೊಲಿಗೆ ಬಿಚ್ಚುವುದು ಎರಡು ವಾರಕ್ಕೆ. ಕಾಲು ಹಿಮ್ಮಡಿವರೆಗೂ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ರಕ್ತ ಕೆಳಗಿಳಿದಿರುತ್ತದೆ. ಆದರೆ ಮೀನಖಂಡ ಊದಿ ಗಟ್ಟಿಯಾಗಿ ನೋಯುವುದು, ಗಾಯದಿಂದ ಸೋರುವುದು, ಜ್ವರ ಕಂಡರೆ ಕಾಯಬೇಡಿ. ದಿಢೀರನೆ ಉಸಿರು ಕಟ್ಟಿದರೆ ಆ ಕ್ಷಣವೇ ಎಮರ್ಜೆನ್ಸಿಗೆ.

ಯಾರೂ ಹೇಳದ್ದು ರಾತ್ರಿಗಳ ವಿಷಯ. ಆಸ್ಪತ್ರೆಯಲ್ಲಿ ಮಂಡಿಗೆ ಕೊಟ್ಟ ಮರಗಟ್ಟಿಸುವ ಇಂಜೆಕ್ಷನ್ ಇಳಿಯುವವರೆಗೆ ಅಯ್ಯೋ ಇಷ್ಟೇನಾ ಅನಿಸುತ್ತದೆ. ಆಮೇಲೆ ಎರಡು ಮೂರು ವಾರ, ರಾತ್ರಿ ಎರಡು ಗಂಟೆಗೆ ಎಚ್ಚರ. ಯಾವ ಮಗ್ಗುಲಿಗೆ ತಿರುಗಿದರೂ ಕಾಲು ಇಡಲು ಜಾಗವಿಲ್ಲ. ಬಲ ಮಂಡಿ ಆದಾಗ ನಾನು ತಡೆಯಲಾರದೆ ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದೆ. ಹಿತವಾಗಿತ್ತು. ಅದೇ ನಾನು ಮಾಡಿದ ದೊಡ್ಡ ತಪ್ಪು. ಕಾಲು ಸ್ವಲ್ಪ ಮಡಚಿದ ಭಂಗಿಯಲ್ಲೇ ಬಿಗಿದುಕೊಂಡಿತು. ಪೂರ್ತಿ ನೆಟ್ಟಗಾಗಲು ಹತ್ತು ಡಿಗ್ರಿ ಕಮ್ಮಿಯೇ ಆಯಿತು, ಕುಂಟು ಉಳಿಯಿತು. ದಿಂಬು ಇಡುವುದಾದರೆ ಹಿಮ್ಮಡಿ ಕೆಳಗೆ, ಮಂಡಿ ಗಾಳಿಯಲ್ಲಿ ತೂಗಬೇಕು. ಹಿಂಸೆಯೇ, ಆದರೆ ಹಾಗೇ.

ಇನ್ನೊಂದು ತಪ್ಪು ಜಿಪುಣತನ. ಲಕ್ಷ ರೂಪಾಯಿ ಕೈಯಿಂದ ಹೋದ ಸಂಕಟಕ್ಕೆ ಮನೆಗೆ ಬರುವ ಫಿಸಿಯೋವನ್ನು ಹನ್ನೆರಡು ದಿನಕ್ಕೇ ನಿಲ್ಲಿಸಿದೆ. ಒಂದು ಸಲಕ್ಕೆ 700 ರೂಪಾಯಿ. ಯೂಟ್ಯೂಬ್ ನೋಡಿಕೊಂಡು ನಾನೇ ಮಾಡುತ್ತೇನೆ ಅಂದೆ. ಮಾಡಲಿಲ್ಲ. ನೋವಾದ ಕಡೆ ನಿಲ್ಲಿಸಿಬಿಡುತ್ತಿದ್ದೆ, ಇನ್ನೇನು? ಮೂರು ತಿಂಗಳಿಗೆ ಬಲ ಮಂಡಿ ಮಡಚಿದ್ದು 95 ಡಿಗ್ರಿ. ಕುರ್ಚಿಯಿಂದ ಏಳಲು ಕೈ ಊರಲೇಬೇಕು.

ಎಡ ಮಂಡಿಗೆ ಉಳಿದ ದುಡ್ಡನ್ನು ಫಿಸಿಯೋಗೇ ಸುರಿದೆ. ಮನೆಯಲ್ಲಿ 24 ದಿನ, ಆಮೇಲೆ ಗಾಂಧಿ ಬಜಾರ್ ಹತ್ತಿರದ ಕ್ಲಿನಿಕ್ಕಿನಲ್ಲಿ 400 ರೂಪಾಯಿಯಂತೆ ಹದಿನೈದು ಸಲ. "ಅಮ್ಮಾ, ಇನ್ನೊಂದೇ ಸಲ" ಎಂದು ಆ ಹುಡುಗ ಹತ್ತು ಸಲ ಮಾಡಿಸುತ್ತಿದ್ದ. ಬೈದಿದ್ದೇನೆ. ಅವನು ಬರುವ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ, ಹೋದ ಮೇಲೆ ಐಸು. ಈ ಕ್ರಮ ಡಾಕ್ಟರನ್ನು ಕೇಳಿ ಮಾಡಿಕೊಂಡದ್ದು. ಆರನೇ ವಾರಕ್ಕೆ ಕೋಲು ಬಿಟ್ಟೆ, ಮೂರು ತಿಂಗಳಿಗೆ 118 ಡಿಗ್ರಿ. ಅದೇ ಹುಡುಗ ಬಲಗಾಲನ್ನೂ ಹಿಡಿದು ಸ್ವಲ್ಪ ಸರಿ ಮಾಡಿದ, ಪೂರ್ತಿ ಆಗಲಿಲ್ಲ. ಎರಡನೇ ಸಲಕ್ಕೆ ಏನಾಗುತ್ತದೆ ಎಂದು ಗೊತ್ತಿತ್ತು, ಆ ಲಾಭ ಎಡ ಮಂಡಿಗೆ ಸಿಕ್ಕಿದೆ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಎರಡೂ ಮಂಡಿ ಆಗಾಗ ಟಕ್ ಅನ್ನುತ್ತವೆ. ಗಾಯದ ಹೊರಬದಿಯಲ್ಲಿ ಅಂಗೈಯಗಲ ಜಾಗ ಜೋಮು. ನೆಲದ ಮೇಲೆ ಕೂರುವುದು ಬಿಟ್ಟಿದ್ದೇನೆ, ಗೌರಿ ಪೂಜೆಗೂ ಸ್ಟೂಲು. ಲಾಲ್‌ಬಾಗಿನಲ್ಲಿ ಕೆರೆವರೆಗೆ ಹೋಗಿಬರುತ್ತೇನೆ. ಬಂಡೆ ಹತ್ತುವುದಿಲ್ಲ. ಹತ್ತಬಹುದೇನೋ, ಇಳಿಯುವ ಭಯ.

ಈಗ ಅತ್ತಿಗೆಯ ಸರದಿ. ಎಲ್ಲಿ ಮಾಡಿಸಲಿ ಎಂದು ಕೇಳುತ್ತಿದ್ದಾರೆ. ಅವರಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದೆ, ಶುಗರ್ ಬೇರೆ. ಅವರಿಗೆ ನಾನು ಟ್ರಸ್ಟ್ ಆಸ್ಪತ್ರೆ ಹೇಳಲಿಲ್ಲ. ಹೃದಯದ ಡಾಕ್ಟರು, ಐಸಿಯು ಎರಡೂ ಒಂದೇ ಕಟ್ಟಡದಲ್ಲಿರುವ ಕಡೆ ಹೋಗಿ, ರೂಮು ಮಾತ್ರ ಪಾಲಿಸಿ ನೋಡಿಕೊಂಡು ತಗೊಳ್ಳಿ, ರೋಬೋ ಬೇಡ ಅನ್ನಿ ಎಂದಿದ್ದೇನೆ. ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್ ಮಾಡಿಸಿ, ಹುಳುಕು ಹಲ್ಲಿದ್ದರೆ ಮೊದಲು ಅದನ್ನು ತೋರಿಸಿಕೊಳ್ಳಬೇಕು. ಕಮೋಡ್ ಕುರ್ಚಿ, ವಾಕರ್ ಕೊಳ್ಳಬೇಡಿ, ನಮ್ಮ ಅಟ್ಟದಲ್ಲೇ ಇವೆ. ಭಾನುವಾರ ಮಗ ಇಳಿಸಿಕೊಡುತ್ತಾನೆ.