ಮನ್ರೋ ಕಾಗದ ಓದಲು ಲಂಡನ್ನಿನ ಬ್ರಿಟಿಷ್ ಲೈಬ್ರರಿ
1780ರಲ್ಲಿ ಕೆಡೆಟ್ ಆಗಿ ಮದ್ರಾಸಿಗೆ ಬಂದು, 1799ರಲ್ಲಿ ಕೆನರಾದ ಕಲೆಕ್ಟರ್ ಆದ ಥಾಮಸ್ ಮನ್ರೋನ ಕಾಗದಪತ್ರ ಇಲ್ಲಿದೆ. ಕೇಳಬೇಕಾದ ಸಂಗ್ರಹ ಸಂಖ್ಯೆ ‘ಎಂಎಸ್‌ಎಸ್ ಯೂರ್ ಎಫ್151’ (Mss Eur F151). ಓದುಕೋಣೆಗೆ ಹೋಗಲು ಬೇಕಾದ ರೀಡರ್ ಪಾಸ್‌ಗೆ ಗುರುತಿನ ಚೀಟಿ, ವಿಳಾಸದ ದಾಖಲೆ ಎರಡೂ ಇಟ್ಟುಕೊಳ್ಳಿ. ಓದುಕೋಣೆಯಲ್ಲಿ ಪೆನ್ನು ನಿಷಿದ್ಧ, ಪೆನ್ಸಿಲ್ ಮಾತ್ರ.

ಆ ಕಾಲದ ಮನೆಪತ್ರಗಳಲ್ಲಿ ನಿಜಕ್ಕೂ ಕಾಡುವುದು ಅಡ್ಡಬರಹ. ಹಾಳೆ ತುಂಬಿದರೆ ಅದನ್ನೇ ಕಾಲುಸುತ್ತು ತಿರುಗಿಸಿ, ಬರೆದ ಸಾಲುಗಳ ಮೇಲೇ ಮತ್ತೆ ಬರೆಯುತ್ತಿದ್ದರು. ಜಿಪುಣತನವಲ್ಲ, 1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಅಂಚೆಯ ದರ ಹಾಳೆ ಲೆಕ್ಕ, ಅದೂ ಸಾಮಾನ್ಯವಾಗಿ ಪಡೆದವರೇ ತೆರಬೇಕು. ಒಂದು ದಿಕ್ಕಿನ ಸಾಲುಗಳನ್ನು ಪೂರ್ತಿ ಮುಗಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಎರಡನ್ನೂ ಬೆರೆಸಿದರೆ ಕಣ್ಣು ಸೋಲುತ್ತದೆ.

ಒಂದು ಕೊರತೆ: 2023ರ ಅಕ್ಟೋಬರ್ ಸೈಬರ್ ದಾಳಿಯಿಂದ ಕ್ಯಾಟಲಾಗ್ ಬಹುಕಾಲ ಕೈಕೊಟ್ಟಿತ್ತು. ಹೊರಡುವ ಮೊದಲೇ ಇಮೇಲ್ ಮಾಡಿ ವಿಚಾರಿಸಿ.