ಬಿಡಿಯಾಗಿ ಬಂದ ಮಂಚ ಅಲುಗದೆ ನಿಂತ ಬಗೆ: ಮೂರು ವರ್ಷ ಬಳಸಿದ ಮೇಲೆ

ಈ ಮಂಚವನ್ನು ಕೊಂಡದ್ದು ಅಮ್ಮನಿಗಾಗಿ. ಮಂಡಿನೋವಿರುವ ಅಮ್ಮ ರಾತ್ರಿ ಎದ್ದಾಗಲೆಲ್ಲ ತಲೆಯ ಕಡೆಯ ಹಲಗೆಯ ಮೂಲೆಯನ್ನು ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಏಳುತ್ತಾರೆ. ಆದ್ದರಿಂದ ಬಣ್ಣ, ವಿನ್ಯಾಸಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಕೈಯಿಟ್ಟರೆ ಅಲುಗುತ್ತದೆಯೋ ಇಲ್ಲವೋ ಎಂಬುದನ್ನೇ ಮೂರು ವರ್ಷದಿಂದ ನೋಡುತ್ತ ಬಂದಿದ್ದೇನೆ.

ಆನ್‌ಲೈನ್‌ನಲ್ಲಿ ತರಿಸಿದ ಕ್ವೀನ್ ಅಳತೆಯ ಮಂಚ. 78 ಇಂಚು ಉದ್ದ, 60 ಇಂಚು ಅಗಲದ ಹಾಸಿಗೆ ಹಿಡಿಸುತ್ತದೆ. ‘ಎಂಜಿನಿಯರ್ಡ್ ವುಡ್’ ಎಂದು ಬರೆದಿತ್ತು. ಬಿಚ್ಚಿ ನೋಡಿದರೆ ಪಾರ್ಟಿಕಲ್ ಬೋರ್ಡ್: ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ, ಮೇಲೆ ಲ್ಯಾಮಿನೇಟ್ ಪದರ. ಮೊದಲ ಒಂದೂವರೆ ವರ್ಷ ಬೆಂಗಳೂರಿನ ಬಾಡಿಗೆ ಮನೆಯಲ್ಲಿತ್ತು. ಈಗ ಒಂದೂವರೆ ವರ್ಷದಿಂದ ಮಂಗಳೂರಿನ ಹಳೆಯ ಮನೆಯ ಕಾವಿ ನೆಲದ ಮೇಲಿದೆ. ಈ ನಡುವೆ ಅದನ್ನು ಮೂರು ಸಲ ಜೋಡಿಸಿದ್ದಾಗಿದೆ.

ಮೊದಲ ಸಲ ಜೋಡಿಸಿದ್ದು ಕಂಪನಿ ಕಳುಹಿಸಿದವರು. ಬ್ಯಾಟರಿ ಡ್ರಿಲ್ಲಿನಿಂದ ಒಂದು ಮೂಲೆಯನ್ನು ಪೂರ್ತಿ ಬಿಗಿದು, ಇನ್ನೊಂದಕ್ಕೆ ಹೋಗಿ ಅದನ್ನೂ ಬಿಗಿದು, ಅರ್ಧ ಗಂಟೆಯಲ್ಲಿ ಮುಗಿಸಿ ಹೊರಟರು. ಅಂದು ರಾತ್ರಿ ಅಮ್ಮ ಹಿಡಿದು ಏಳಲು ಹೋದಾಗ ಹಲಗೆ ಕಿರ್ರೆಂದು ಎರಡು ಬೆರಳಿನಷ್ಟು ವಾಲಿತು. ಅಮ್ಮ ಗಕ್ಕನೆ ಕೂತುಬಿಟ್ಟರು. "ಬೇಡ, ನಾನು ನೆಲದ ಮೇಲೆಯೇ ಮಲಗುತ್ತೇನೆ" ಎಂದರು. ಮಂಡಿನೋವಿನವರು ನೆಲದಿಂದ ಏಳುವುದೆಂದರೇನು ಎಂದು ಗೊತ್ತಿದ್ದೂ ಹಾಗೆನ್ನಬೇಕಾದರೆ ಎಷ್ಟು ಹೆದರಿರಬೇಕು! ಮರುದಿನ ಕಂಪನಿಗೆ ಫೋನ್ ಮಾಡಿದರೆ, ಇಂಥ ಮಂಚಗಳಲ್ಲಿ ಸ್ವಲ್ಪ ಅಲುಗಾಟ ಸಹಜ ಎಂಬ ಉತ್ತರ ಬಂತು. ಆ ಮಾತನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಆ ಭಾನುವಾರ ಎಲ್ಲವನ್ನೂ ಬಿಚ್ಚಿ ಹರಡಿಕೊಂಡು ಕೂತೆ. ಪ್ರತಿ ಮೂಲೆಯಲ್ಲಿ ಒಂದರ ಮೇಲೊಂದರಂತೆ ಎರಡು ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟ್‌ಗಳು, ನಡುವೆ ಬೆರಳುದ್ದದ ಮರದ ಗೂಟಗಳು. ಬೋಲ್ಟ್ ಹೋಗಿ ಕಚ್ಚಿಕೊಳ್ಳುವುದು ಪಕ್ಕದ ಪಟ್ಟಿಯೊಳಗೆ ಅಡ್ಡಲಾಗಿ ಕೂರುವ, ಮೈಯಲ್ಲಿ ತೂತಿರುವ ಲೋಹದ ಸಣ್ಣ ಉರುಳೆಗೆ, ಅಂದರೆ ಬ್ಯಾರೆಲ್ ನಟ್‌ಗೆ. ಈ ನಟ್ಟಿನ ತಲೆಯಲ್ಲಿ ಒಂದು ಸಣ್ಣ ಗೀರು ಇರುತ್ತದೆ. ಒಳಗಿನ ತೂತು ಯಾವ ದಿಕ್ಕಿಗಿದೆ ಎಂದು ಹೊರಗಿನಿಂದ ತಿಳಿಯುವುದು ಅದರಿಂದಲೇ. ಗೀರು ಬೋಲ್ಟ್ ಬರುವ ದಿಕ್ಕಿಗೆ ನೇರವಾಗಿರಬೇಕು. ನಮ್ಮಲ್ಲಿ ಒಂದು ನಟ್ ಓರೆಯಾಗಿತ್ತು, ಬೋಲ್ಟ್ ಎರಡು ಎಳೆ ಮಾತ್ರ ಕಚ್ಚಿ ನಿಂತಿತ್ತು. ಡ್ರಿಲ್ಲಿನಿಂದ ತಿರುಗಿಸುವವರ ಕೈಗೆ ಅದು ಬಿಗಿಯಾದಂತೆಯೇ ಅನ್ನಿಸುತ್ತದೆ. ಇನ್ನೊಂದು ಮೂಲೆಯಲ್ಲಿ ಗೂಟವನ್ನೇ ಹಾಕಿರಲಿಲ್ಲ.

ಆದರೆ ಮುಖ್ಯ ದೋಷ ಅದಾಗಿರಲಿಲ್ಲ. ಬಿಚ್ಚುವ ಮೊದಲೇ ಟೇಪು ಹಿಡಿದು ಚೌಕಟ್ಟಿನ ಎರಡೂ ಕರ್ಣಗಳನ್ನು ಅಳೆದಿದ್ದೆ. ಒಂದು 252 ಸೆಂಟಿಮೀಟರ್, ಇನ್ನೊಂದು 254. ಎರಡು ಸೆಂಟಿಮೀಟರ್ ವ್ಯತ್ಯಾಸವೆಂದರೆ ಆಯತ ಓರೆಯಾಗಿದೆ ಎಂದೇ ಅರ್ಥ. ಓರೆಯಾದ ಚೌಕಟ್ಟಿನಲ್ಲಿ ಪಕ್ಕದ ಪಟ್ಟಿಯ ತುದಿ ತಲೆಯ ಕಡೆಯ ಹಲಗೆಗೆ ಪೂರ್ತಿ ಒತ್ತಿ ಕೂರುವುದಿಲ್ಲ. ಒಂದು ಅಂಚು ತಾಗುತ್ತದೆ, ಇನ್ನೊಂದು ಅಂಚಿನಲ್ಲಿ ಸಂದು ಉಳಿಯುತ್ತದೆ. ನಮ್ಮದರಲ್ಲಿ ಆ ಸಂದಿಯೊಳಗೆ ವಿಸಿಟಿಂಗ್ ಕಾರ್ಡ್ ಸಲೀಸಾಗಿ ಹೋಗುತ್ತಿತ್ತು. ಬೋಲ್ಟನ್ನು ಎಷ್ಟೇ ಬಿಗಿದರೂ ಸಂದು ಮುಚ್ಚುವುದಿಲ್ಲ, ಬೋರ್ಡು ಮಾತ್ರ ಒಳಗೊಳಗೆ ಪುಡಿಯಾಗುತ್ತದೆ.

ಹಾಗಾಗಿ ಈ ಸಲ ಎಂಟೂ ಬೋಲ್ಟ್‌ಗಳನ್ನು ಬರಿಗೈಯಿಂದ ತಿರುಗಿಸಿ ಬಿಟ್ಟೆ. ಉದ್ದದ ಕರ್ಣದ ಎರಡು ಮೂಲೆಗಳಿಂದ ನಾನೂ ತಮ್ಮನೂ ಒಳಮುಖವಾಗಿ ಒತ್ತಿ ಎರಡೂ ಅಳತೆ 253ಕ್ಕೆ ಬರುವಂತೆ ಮಾಡಿದೆವು. ಆಮೇಲೆ ಆಲನ್ ಕೀ (ಬೋಲ್ಟಿನ ತಲೆಯ ಆರುಮೂಲೆಯ ಗುಳಿಗೆ ಹಾಕಿ ತಿರುಗಿಸುವ ಬಾಗಿದ ಕಡ್ಡಿ) ಹಿಡಿದು ಒಂದು ಮೂಲೆಯಲ್ಲಿ ಅರ್ಧ ಸುತ್ತು, ಎದುರು ಮೂಲೆಯಲ್ಲಿ ಅರ್ಧ ಸುತ್ತು, ಹೀಗೆ ಸುತ್ತಿ ಬಂದೆವು. ಇದಕ್ಕೆ ಡ್ರಿಲ್ ಬೇಡವೇ ಬೇಡ. ಕೈಯಲ್ಲಿ ತಿರುಗಿಸುವಾಗ ಎಲ್ಲಿ ನಿಲ್ಲಿಸಬೇಕೆಂದು ಬೆರಳಿಗೇ ತಿಳಿಯುತ್ತದೆ.

ನಡುವಿನ ತೊಲೆಯ ಕಾಲುಗಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಮಂಚಕ್ಕೆ ಅಂಥವು ಎರಡಿವೆ, ಬುಡದಲ್ಲಿ ಎತ್ತರ ಹೊಂದಿಸುವ ತಿರುಪು ಇದೆ. ಕಾಲು ನೆಲಕ್ಕೆ ತಾಗದಿದ್ದರೆ ತೊಲೆ ದಿನೇ ದಿನೇ ಜೋತು ಬೀಳುತ್ತದೆ. ತುಸು ಉದ್ದವಾದರೆ ಮಂಚ ಆ ಕಾಲಿನ ಮೇಲೆಯೇ ನಿಂತು ತಕ್ಕಡಿಯಂತೆ ತೂಗುತ್ತದೆ, ಮೂಲೆಯ ಜೋಡಣೆಗಳಿಗೆಲ್ಲ ಅದರ ಏಟು. ನಾನು ಮಾಡಿದ್ದಿಷ್ಟು: ಹಾಸಿಗೆ ಹಾಕಿ, ತಮ್ಮನನ್ನು ಮಲಗಿಸಿ, ಪ್ರತಿ ಕಾಲಿನ ಕೆಳಗೂ ಒಂದು ಚೂರು ಕಾಗದ ಇಟ್ಟೆ. ಭಾರವಿಲ್ಲದಾಗ ಕಾಗದ ಎಳೆದರೆ ಬರಬೇಕು, ಮಲಗಿದಾಗ ಬರಬಾರದು. ಬೆಂಗಳೂರಿನ ಮನೆಯಲ್ಲಿ ನೆಲ ಬಾಲ್ಕನಿಯ ಕಡೆಗೆ ಇಳಿಜಾರಾಗಿದ್ದರಿಂದ ಎರಡು ಕಾಲುಗಳಿಗೂ ಬೇರೆ ಬೇರೆ ಎತ್ತರ ಬೇಕಾಯಿತು.

ಹಾಸಿಗೆಯ ಕೆಳಗಿನ ನಾಲ್ಕು ಪ್ಲೈವುಡ್ ಹಲಗೆಗಳನ್ನು ಸುಮ್ಮನೆ ಮೇಲಿಟ್ಟರೆ ಸಾಕೆಂದು ಕೈಪಿಡಿ ಹೇಳುತ್ತದೆ. ನಾನು ಪ್ರತಿಯೊಂದಕ್ಕೂ ನಾಲ್ಕು ಸ್ಕ್ರೂ ಹಾಕಿ ಚೌಕಟ್ಟಿಗೆ ಕಚ್ಚಿಸಿದೆ. ಚೌಕಟ್ಟು ಮತ್ತೆ ಓರೆಯಾಗದಂತೆ ಹಿಡಿದಿಟ್ಟಿರುವುದು ಈ ಹದಿನಾರು ಸ್ಕ್ರೂಗಳೇ. ಗೋಡೆಯ ಬುಡದ ಸ್ಕರ್ಟಿಂಗ್ ಟೈಲಿನಿಂದಾಗಿ ತಲೆಯ ಕಡೆಯ ಹಲಗೆಯ ಹಿಂದೆ ಉಳಿದಿದ್ದ ಅಂತರಕ್ಕೆ ಎರಡು ರಬ್ಬರ್ ಬುಶ್ ಅಂಟಿಸಿದೆ. ಅಂದು ರಾತ್ರಿ ಅಮ್ಮ ಎದ್ದದ್ದು ನನಗೆ ತಿಳಿಯಲೇ ಇಲ್ಲ. ಸದ್ದೇ ಇರಲಿಲ್ಲ.

ಮಂಗಳೂರಿಗೆ ಬಂದ ಮೇಲೆ ಬೇರೆಯೇ ಪರೀಕ್ಷೆ. ಸಾಗಿಸಲು ಬಿಚ್ಚಿ ಮತ್ತೆ ಜೋಡಿಸುವಾಗ ಲೋಹದ ನಟ್ ಇದ್ದ ಕಡೆ ತೊಂದರೆಯಾಗಲಿಲ್ಲ. ನೇರವಾಗಿ ಬೋರ್ಡಿಗೆ ಸ್ಕ್ರೂ ಹಾಕಿದ್ದ ಕಡೆಗಳಲ್ಲಿ ತೂತು ಸಡಿಲವಾಗಿ ಹಿಟ್ಟು ಉದುರಿತು. ಅದರ ಮೇಲೆ ಕರಾವಳಿಯ ಮಳೆಗಾಲ, ಜೊತೆಗೆ ದಿನವೂ ನೆಲ ಒರೆಸುವ ನೀರು. ನಾಲ್ಕು ತಿಂಗಳಲ್ಲಿ ಕಾಲ ಕಡೆಯ ಹಲಗೆಯ ಬುಡದಲ್ಲಿ ಅಂಚುಪಟ್ಟಿ ಬಿಟ್ಟುಕೊಂಡು, ಬೋರ್ಡು ನೆನೆದ ಅವಲಕ್ಕಿಯಂತೆ ಉಬ್ಬಿತು. ಬುಡ ಉಬ್ಬಿದರೆ ಆ ಮೂಲೆ ಎತ್ತರವಾಗುತ್ತದೆ. ಅಲ್ಲಿಗೆ ಅಲುಗಾಟ ಮತ್ತೆ ಶುರು.

ನೆರೆಮನೆಯವರು ಒಬ್ಬ ಆಚಾರಿಯವರನ್ನು ಕರೆದು ತಂದರು. ಅವರು ರಸಮಟ್ಟ ಇಟ್ಟು ನೋಡಿ, ಸಡಿಲ ತೂತಿಗೆ ಉಗುರು ಹಾಕಿ ಕೆರೆದರು. "ಸ್ಕ್ರೂ ಕಚ್ಚಲು ಇದರಲ್ಲಿ ಮರವೇ ಇಲ್ಲವಲ್ಲ, ಮರವನ್ನು ನಾವೇ ತುಂಬಬೇಕು" ಎಂದರು. ಹಾಗೆಯೇ ಮಾಡಿದರು. ತೂತನ್ನು ದೊಡ್ಡದು ಮಾಡಿ, ಸಾಗುವಾನಿಯ ಗೂಟಕ್ಕೆ ಅಂಟು ಸವರಿ ಬಡಿದು, ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಆ ಗೂಟದಲ್ಲಿ ಹೊಸ ತೂತು ಕೊರೆದರು. ನಾಲ್ಕು ಮೂಲೆಗಳಿಗೂ ಎಲ್ ಆಕಾರದ ಕಬ್ಬಿಣದ ಪಟ್ಟಿ ಕೊಟ್ಟರು; ಅದಕ್ಕೆ ಸ್ಕ್ರೂ ಬಳಸಲಿಲ್ಲ, ಹಲಗೆಯ ಆಚೆಗೆ ದಾಟಿಸಿ ವಾಷರ್ ಹಾಕಿ ನಟ್ ಬಿಗಿದರು. ಉಬ್ಬಿದ ಭಾಗವನ್ನು ಕೊಯ್ದು, ಅಂಚಿಗೆ ವಾರ್ನಿಶ್ ಕುಡಿಸಿ, ಎಲ್ಲ ಬುಡಗಳಿಗೂ ಅರ್ಧ ಇಂಚಿನ ರಬ್ಬರ್ ಕೂರಿಸಿದರು. ಒರೆಸುವ ಬಟ್ಟೆ ಈಗ ರಬ್ಬರಿಗೆ ತಾಗುತ್ತದೆ, ಬೋರ್ಡಿಗೆ ತಾಗುವುದಿಲ್ಲ. ಒಟ್ಟು 1,800 ರೂಪಾಯಿ ತೆಗೆದುಕೊಂಡರು. ಅವರ ಕೆಲಸಕ್ಕೆ ಅದು ಕಡಿಮೆಯೇ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಲ್ಯಾಮಿನೇಟ್ ಇನ್ನೂ ಹೊಸದರಂತಿದೆ, ತೂತುಗಳ ಅಳತೆ ಕರಾರುವಾಕ್ಕಾಗಿತ್ತು. ಕಳೆದ ಎರಡು ಅಂಕ ಜೋಡಣೆಯ ಸೇವೆಗೆ ಮತ್ತು ರಬ್ಬರ್ ಬುಡವಿಲ್ಲದೆ ಕಳುಹಿಸಿದ್ದಕ್ಕೆ. ಒಂದೇ ಕಡೆ ನೆಲೆಸಿರುವವರು ಧೈರ್ಯವಾಗಿ ಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವವರು, ಕರಾವಳಿ ಮಲೆನಾಡುಗಳಲ್ಲಿ ಇರುವವರು ಕಬ್ಬಿಣದ ಚೌಕಟ್ಟನ್ನೋ ಗಟ್ಟಿ ಮರದ್ದನ್ನೋ ನೋಡುವುದು ಒಳ್ಳೆಯದು. ಮನೆಯಲ್ಲಿ ವಯಸ್ಸಾದವರಿದ್ದರೆ, ಜೋಡಿಸಿದವರು ಹೊರಡುವ ಮೊದಲೇ ಟೇಪು ಹಿಡಿದು ಎರಡು ಕರ್ಣಗಳನ್ನೂ ಅವರ ಎದುರೇ ಅಳೆಯಿರಿ. ಅಳತೆ ಸರಿ ಬರುವವರೆಗೆ ಸಹಿ ಹಾಕಬೇಡಿ.

ಕಳೆದ ವಾರ ಮಳೆ ಹಿಡಿದ ಮೇಲೆ ಮತ್ತೆ ಆಲನ್ ಕೀ ಹಿಡಿದು ಎಂಟೂ ಬೋಲ್ಟ್‌ಗಳನ್ನು ಮುಟ್ಟಿ ಬಂದೆ. ಕಿಟಕಿಯ ಪಕ್ಕದ ಒಂದು ಬೋಲ್ಟ್ ಕಾಲು ಸುತ್ತು ತಿರುಗಿತು, ಉಳಿದವು ಕದಲಲಿಲ್ಲ.