ಪಾತ್‌ಫೈಂಡರ್‌ನ ಹಂಟರ್ ಕ್ಲಾಸ್: ನಾಲ್ಕು ವರ್ಷ, ಎರಡು ತೋಳ

ನಮ್ಮ ಶನಿವಾರದ ಆಟ ಒಂದನೇ ಲೆವೆಲ್‌ನಿಂದ ಹನ್ನೊಂದಕ್ಕೆ ಬರಲು ನಾಲ್ಕು ವರ್ಷ ಹಿಡಿಯಿತು. ಅಷ್ಟೂ ದಿನ ನಾನು ಆಡಿದ್ದು ಒಂದೇ ಪಾತ್ರ. ಪಾತ್‌ಫೈಂಡರ್ (ಮೇಜಿನ ಸುತ್ತ ಕೂತು, ದಾಳ ಹಾಕುತ್ತಾ ಪಾತ್ರವಾಗಿ ಆಡುವ ಕಥೆಯಾಟ) ಮೊದಲ ಆವೃತ್ತಿಯ ಹಂಟರ್, ಅಂದರೆ ಒಂದು ಪ್ರಾಣಿಯನ್ನು ಜೊತೆಗಿಟ್ಟುಕೊಂಡು ಹೋರಾಡುವ ಬೇಟೆಗಾರ. 2014ರಲ್ಲಿ ಬಂದ ಅಡ್ವಾನ್ಸ್ಡ್ ಕ್ಲಾಸ್ ಗೈಡ್‌ನಲ್ಲಿರುವ ಕ್ಲಾಸ್ (ಪಾತ್ರದ ಬಗೆ) ಇದು, ಡ್ರೂಯಿಡ್ (ಪ್ರಕೃತಿಯ ಮಾಂತ್ರಿಕ) ಮತ್ತು ರೇಂಜರ್ (ಕಾಡಿನ ಯೋಧ) ಎರಡನ್ನೂ ಬೆರೆಸಿ ಮಾಡಿದ್ದು. ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. ನಿಯಮಗಳೆಲ್ಲ ಆರ್ಕೈವ್ಸ್ ಆಫ್ ನೆಥಿಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಅದಕ್ಕೂ ಮೊದಲು ಇದೇ ಥರದ ಇನ್ನೊಂದು ಆಟ, ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್) ಐದನೇ ಆವೃತ್ತಿಯ 2014ರ ಬೀಸ್ಟ್ ಮಾಸ್ಟರ್ (ಪ್ರಾಣಿ ಜೊತೆಗಿರುವ ರೇಂಜರ್) ಆಡಿ ಬೇಸತ್ತಿದ್ದೆ. ಅಲ್ಲಿ ಪ್ರಾಣಿ ಕಚ್ಚಬೇಕಾದರೆ ನನ್ನ ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸ, ಬಿಟ್ಟುಕೊಡಬೇಕು. ನನ್ನ ಮೇಲೆ ಹಾಕಿಕೊಂಡ ಮಂತ್ರ ಅದಕ್ಕೂ ತಾಗುವುದು 15ನೇ ಲೆವೆಲ್‌ಗೆ. ಅಲ್ಲಿಯವರೆಗೆ ಯಾವ ಗುಂಪು ಒಟ್ಟಿಗೆ ಉಳಿಯುತ್ತದೆ, ಹೇಳಿ? 2020ರ ಹೊಸ ನಿಯಮದಲ್ಲಿ ಬೋನಸ್ ಆಕ್ಷನ್‌ನಲ್ಲೇ, ಅಂದರೆ ಸರದಿಯ ಸಣ್ಣ ಹೆಚ್ಚುವರಿ ಕೆಲಸದಲ್ಲೇ, ಆಜ್ಞೆ ಕೊಡುವ ಹಾಗೆ ಮಾಡಿದರು. ಅಷ್ಟರಲ್ಲಿ ನಾನು ಈ ಕಡೆ ಬಂದಾಗಿತ್ತು.

ಹಂಟರ್‌ನ ಜೀವಾಳ ಟೀಮ್‌ವರ್ಕ್ ಫೀಟ್. ಇಬ್ಬರಿಗೂ ಗೊತ್ತಿದ್ದರೆ ಮಾತ್ರ ನಡೆಯುವ ವರಸೆ ಅಂತಿಟ್ಟುಕೊಳ್ಳಿ. ಮಾಮೂಲಿ ಪಾರ್ಟಿಯಲ್ಲಿ (ಪಾತ್ರಗಳ ತಂಡದಲ್ಲಿ) ಇವನ್ನು ಯಾರೂ ಮುಟ್ಟುವುದಿಲ್ಲ, ಏಕೆಂದರೆ ನಾನೊಬ್ಬನೇ ತಗೊಂಡರೆ ದಂಡ. ಹಂಟರ್‌ಗೆ ಆ ಚಿಂತೆಯೇ ಇಲ್ಲ. ಮೂರನೇ ಲೆವೆಲ್‌ನಿಂದ ನನ್ನ ಟೀಮ್‌ವರ್ಕ್ ಫೀಟ್‌ಗಳೆಲ್ಲ ತಾನಾಗಿ ಪ್ರಾಣಿಗೂ ಬರುತ್ತವೆ. ಅರ್ಹತೆಯ ಶರತ್ತು ನನಗೆ ಮಾತ್ರ, ಅದಕ್ಕಿಲ್ಲ.

ನನ್ನ ತೋಳದ ಹೆಸರು ಕರಿಯ. ಶುರುವಿನಲ್ಲಿ ನಮ್ಮಿಬ್ಬರದು ಎತ್ತು ಏರಿಗೆ, ಕೋಣ ನೀರಿಗೆ. ಎರಡನೇ ಲೆವೆಲ್‌ನಲ್ಲಿ ಒಂದು ನೆಲಮಾಳಿಗೆಗೆ ಇಳಿದೆವು. ಎದುರಿಗೆ ನಾಲ್ಕು ಅಸ್ಥಿಪಂಜರ. "ಕರಿಯ, ಹಿಡಿ" ಅಂದೆ. ಜಿಎಂ (ಆಟ ನಡೆಸುವವರು) ನಕ್ಕು ಕೇಳಿದರು, "ಅಟ್ಯಾಕ್ ಟ್ರಿಕ್ ಎಷ್ಟು ಸಲ ಕಲಿಸಿದ್ದೀರಿ?" ಒಂದೇ ಸಲ. ಒಂದು ಸಲ ಕಲಿತ ಪ್ರಾಣಿ ಮನುಷ್ಯರಂಥವರ ಮೇಲೆ, ಬೇರೆ ಪ್ರಾಣಿಗಳ ಮೇಲೆ ಬೀಳುತ್ತದೆ, ಅಷ್ಟೇ. ಸತ್ತು ಎದ್ದು ಬಂದವರ ಮೇಲೆ ಬೀಳಬೇಕಾದರೆ ಅದೇ ಟ್ರಿಕ್ಕನ್ನು ಎರಡು ಸಲ ಕಲಿಸಿರಬೇಕು. ಒತ್ತಾಯ ಮಾಡಬಹುದು, ಆದರೆ ಅದಕ್ಕೆ ದಾಳ ಮತ್ತು ಪ್ರಾಣಿ ಪಳಗಿಸುವ ಕೌಶಲ ಸೇರಿ 25 ಮುಟ್ಟಬೇಕು. ನನಗೆ ದಾಳದಲ್ಲಿ ಬಿದ್ದಿದ್ದು 4. ಕರಿಯ ಬಾಲ ಮಡಚಿಕೊಂಡು ನಿಂತ, ನಾನು ಹೊಡೆಸಿಕೊಂಡೆ. ನೀವು ಹಂಟರ್ ಆಡುವುದಾದರೆ ಮೊದಲ ದಿನವೇ ಇದನ್ನು ಸರಿ ಮಾಡಿಕೊಳ್ಳಿ.

ಆಮೇಲೆ ಆರನೇ ಲೆವೆಲ್ ಬಂತು, ಆಟದ ಬಣ್ಣವೇ ಬದಲಾಯಿತು. ನನ್ನ ಹತ್ತಿರ ಮೂರು ಟೀಮ್‌ವರ್ಕ್ ಫೀಟ್ ಇದ್ದವು. ಔಟ್‌ಫ್ಲ್ಯಾಂಕ್ ಇದ್ದರೆ ಶತ್ರುವನ್ನು ಎರಡು ಬದಿಯಿಂದ ಹಿಡಿದಾಗ ಏಟಿನ ದಾಳಕ್ಕೆ ಮಾಮೂಲಿ +2 ಬದಲು +4. ಪೇರ್ಡ್ ಆಪರ್ಚುನಿಸ್ಟ್ಸ್ ಇದ್ದರೆ, ಕರಿಯನಿಗೆ ಸರದಿಯಿಲ್ಲದೆಯೇ ಪುಕ್ಕಟೆ ಏಟು ಹಾಕುವ ಅವಕಾಶ ಸಿಕ್ಕಾಗ ನನಗೂ ಸಿಗುತ್ತದೆ, ಅದಕ್ಕೆ ಇನ್ನೊಂದು +4. ತೊಂದರೆ ಏನೆಂದರೆ ಒಂದಕ್ಕೆ ನಾವು ಎದುರುಬದುರು ನಿಲ್ಲಬೇಕು, ಇನ್ನೊಂದಕ್ಕೆ ಅಕ್ಕಪಕ್ಕ. ಈ ಗಂಟು ಬಿಡಿಸುವುದು ಪ್ಯಾಕ್ ಫ್ಲ್ಯಾಂಕಿಂಗ್. ಅದಿದ್ದರೆ ಅಕ್ಕಪಕ್ಕ ನಿಂತರೂ ಸುತ್ತುವರಿದ ಲೆಕ್ಕ. ಅದಕ್ಕೆ ಪಾತ್ರದ ಬುದ್ಧಿಯ ಅಂಕ 13 ಬೇಕು, ಕಾಂಬ್ಯಾಟ್ ಎಕ್ಸ್‌ಪರ್ಟೀಸ್ ಅನ್ನುವ ಫೀಟ್ ಬೇಕು. ಪಾತ್ರ ಬರೆಯುವಾಗಲೇ ಯೋಚಿಸದಿದ್ದರೆ ಕೈತಪ್ಪುತ್ತದೆ.

ಒಂದು ಏಟು ಹೇಳುತ್ತೇನೆ. ಎದುರಿಗೆ ಒಬ್ಬ ಓಗರ್ (ರಾಕ್ಷಸ). ಕರಿಯ ನನ್ನ ಎಡಕ್ಕೆ. ಕತ್ತಿ ಬೀಸಿದೆ, ದಾಳದಲ್ಲಿ 18, ಕ್ರಿಟ್ (ಹಾನಿ ಕೆಲವು ಪಟ್ಟಾಗುವ ಏಟು). ಔಟ್‌ಫ್ಲ್ಯಾಂಕ್ ಪ್ರಕಾರ ಆ ಕ್ಷಣವೇ ಕರಿಯನಿಗೆ ಒಂದು ಕಡಿತ. ತೋಳದ ಕಡಿತದ ಜೊತೆ ಬೀಳಿಸುವ ಪ್ರಯತ್ನ ಉಚಿತ. ಓಗರ್ ಬಿದ್ದ. ಕರಿಯನಿಗೆ ಅವಕಾಶ ಸಿಕ್ಕಿತಲ್ಲ, ಹಾಗಾಗಿ ನನಗೂ ಇನ್ನೊಂದು ಏಟು. ಅವನ ಸರದಿ ಬಂದಾಗ ಏಳಲು ಹೋದ, ಅದೂ ಪುಕ್ಕಟೆ ಏಟಿಗೆ ಅವಕಾಶ, ಮತ್ತೆ ಇಬ್ಬರೂ ಹೊಡೆದೆವು. ಎಲ್ಲ ಜಿಎಂಗಳೂ ನಿಯಮವನ್ನು ಹೀಗೇ ಓದಲಿಕ್ಕಿಲ್ಲ, ಮೊದಲೇ ಕೇಳಿಕೊಳ್ಳಿ. ಜೊತೆಗೆ ಒಂದೇ ಸುತ್ತಿನಲ್ಲಿ ಎರಡು ಪುಕ್ಕಟೆ ಏಟಿಗೆ ಕಾಂಬ್ಯಾಟ್ ರಿಫ್ಲೆಕ್ಸಸ್ ಬೇಕು. ಅದು ಟೀಮ್‌ವರ್ಕ್ ಫೀಟ್ ಅಲ್ಲ, ಹಾಗಾಗಿ ಹಂಚಿಕೆಯಾಗುವುದಿಲ್ಲ. ಕರಿಯನಿಗೆ ಅವನ ಸ್ವಂತ ಫೀಟ್ ಖರ್ಚು ಮಾಡಿಯೇ ಕೊಡಿಸಿದೆ.

ಸಣ್ಣಪುಟ್ಟ ದೂರುಗಳಿವೆ. ನನ್ನ ಸರದಿ ಎಲ್ಲರಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಫೈಟರ್ ಆಡುವ ಗೆಳೆಯ ಅಷ್ಟರಲ್ಲಿ ಎದ್ದು ಹೋಗಿ ಟೀ ಮಾಡಿಕೊಂಡು ಬರುತ್ತಾನೆ. ಏಳನೇ ಲೆವೆಲ್‌ಗೆ ತೋಳ ದೊಡ್ಡ ಗಾತ್ರಕ್ಕೆ ಬೆಳೆಯುತ್ತದೆ, ಶಕ್ತಿ ಒಂದೇ ಸಲ 8 ಏರುತ್ತದೆ, ಆದರೆ ಕಿರಿದಾದ ಓಣಿಯಲ್ಲಿ ಮೈ ಹಿಂಡಿಕೊಂಡು ನುಗ್ಗಬೇಕು. ಕೊನೆಯ ಟೀಮ್‌ವರ್ಕ್ ಫೀಟನ್ನು ದಿನಕ್ಕೆ ಕೆಲವು ಸಲ ಬದಲಾಯಿಸಬಹುದು ಅನ್ನುವ ಅನುಕೂಲವೂ ಇದೆ. ನಾಲ್ಕು ವರ್ಷದಲ್ಲಿ ಎರಡೇ ಸಲ ನೆನಪಾಯಿತು.

ದೊಡ್ಡ ಪೆಟ್ಟು ಬಿದ್ದಿದ್ದು ಒಂಬತ್ತನೇ ಲೆವೆಲ್‌ನಲ್ಲಿ. ಪ್ಯಾಕ್ ಫ್ಲ್ಯಾಂಕಿಂಗ್‌ಗಾಗಿ ಕರಿಯನನ್ನು ಸದಾ ಪಕ್ಕದಲ್ಲೇ ಇಟ್ಟುಕೊಳ್ಳುವ ಅಭ್ಯಾಸ ನನಗೆ. ಒಬ್ಬ ಫ್ರಾಸ್ಟ್ ಜೈಂಟ್ (ಹಿಮದ ದೈತ್ಯ) ಎದುರಿಗೂ ಹಾಗೇ ನಿಂತೆವು. ಆಗಲೇ ಗಾಯವಾಗಿದ್ದ ಕರಿಯನ ಮೇಲೆ ಅವನ ಕೊಡಲಿಯ ಕ್ರಿಟ್ ಬಿತ್ತು, ಮೂರು ಪಟ್ಟು ಹಾನಿ. ಸತ್ತ ಪ್ರಾಣಿಯನ್ನು ಬದುಕಿಸುವ ಶಕ್ತಿ ಹಂಟರ್‌ಗೆ ಬರುವುದು ಹತ್ತನೇ ಲೆವೆಲ್‌ಗೆ. ಪಾರ್ಟಿಯಲ್ಲಿ ಕ್ಲೆರಿಕ್ (ಮಂತ್ರದಿಂದ ಬದುಕಿಸಬಲ್ಲ ಪೂಜಾರಿ) ಇರಲಿಲ್ಲ.

ಪ್ರಾಣಿ ಸತ್ತರೆ ನಿಯಮ ಒಂದು ಸಮಾಧಾನ ಕೊಡುತ್ತದೆ. ಅದಕ್ಕೆ ಹಾಕಿದ್ದ ಅನಿಮಲ್ ಫೋಕಸ್ (ಯಾವುದಾದರೂ ಪ್ರಾಣಿಯ ಗುಣವನ್ನು ಮೈಗೆ ತರುವ ಹಂಟರ್‌ನ ಶಕ್ತಿ) ನನಗೇ ಬರುತ್ತದೆ, ಕಾಲಮಿತಿ ಇಲ್ಲದೆ. ಕರಿಯನ ಗೂಳಿಬಲ ನನ್ನ ಮೈಗೆ ಬಂತು, ಶಕ್ತಿಗೆ +4. ಏನು ಮಾಡಲಿ ಅದನ್ನ? ಟೀಮ್‌ವರ್ಕ್ ಫೀಟ್‌ಗಳೆಲ್ಲ ಹಾಳೆಯ ಮೇಲೆ ಸುಮ್ನೆ ಬಿದ್ದಿದ್ದವು.

24 ಗಂಟೆ ಪ್ರಾರ್ಥನೆ ಮಾಡಿದರೆ ಹೊಸ ಪ್ರಾಣಿ ಬರುತ್ತದೆ. ಬಂತು, ಹೆಣ್ಣು ತೋಳ. ಬೋನಸ್ ಟ್ರಿಕ್‌ಗಳಲ್ಲಿ (ಕಲಿಸದೆಯೇ ಪ್ರಾಣಿಯ ಜೊತೆ ಬರುವವು) ಎಲ್ಲಕ್ಕಿಂತ ಮೊದಲು ಅಟ್ಯಾಕ್ ಎರಡು ಸಲ ಬರೆದೆ. ಬೇರೆ ಕೆಲವನ್ನು ವಾರಕ್ಕೊಂದರಂತೆ ಕಲಿಸಬೇಕಾಯಿತು. ಆದರೆ ಕರಿಯನ ಜೊತೆ ಎರಡು ವರ್ಷ ಒದ್ದಾಡಿ ಕಟ್ಟಿದ ಆಟವನ್ನು ಅವಳು ಬಂದ ದಿನವೇ ಆಡಿದಳು. ಎಡಕ್ಕೆ ನಿಂತಳು, ಕ್ರಿಟ್ ಬಿದ್ದಾಗ ಕಚ್ಚಿದಳು, ಬೀಳಿಸಿದಳು. ಫೀಟ್‌ಗಳು ಅವನವಾಗಿರಲೇ ಇಲ್ಲ, ನನ್ನವೇ ಅಲ್ವಾ. ನಿಯಮ ತಪ್ಪಿಲ್ಲ. ಆದರೂ ಆ ರಾತ್ರಿ ಗೆದ್ದ ಖುಷಿ ಯಾಕೋ ಆಗಲಿಲ್ಲ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಹೊಸ ತೋಳಕ್ಕೆ ಚುಕ್ಕಿ ಅಂತ ಹೆಸರಿಟ್ಟೆ. ಮ್ಯಾಟ್ ಮೇಲಿನ ಗೊಂಬೆ ಹಳೆಯದೇ, ಬಾಲದ ಹತ್ತಿರ ವೈಟ್‌ನರ್‌ನಲ್ಲಿ ಒಂದು ಬೊಟ್ಟು ಇಟ್ಟಿದ್ದೇನೆ.